ಪ್ರೂಫಿಗೆ ಒಂದು ಫೋಟೊ

ಮಧುಗಿರಿ ಬಸ್ ನಿಲ್ದಾಣದಲ್ಲಿ ಮಿಡಿಗೇಶಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಇಬ್ಬರು ಮಂಗಳಮುಖಿಯರು ಒಂದೇ ಫೋನಿನ ಮೇಲೆ ಬಗ್ಗಿ ಕೂತಿದ್ದರು. ಚಿಕ್ಕವಳು ದೊಡ್ಡವಳನ್ನು ಅಮ್ಮ ಅನ್ನುತ್ತಿದ್ದಳು.

“ಅಮ್ಮಾ, ಆ ಆರೋಗ್ಯದ ಆನ್‌ಲೈನ್ ಸರ್ವೆಯವ್ರು ಮೆಸೇಜ್ ಹಾಕವ್ರೆ. ನಾವು ಬರ್ದಿದ್ದೆಲ್ಲ ಸುಳ್ಳಂತೆ.”

“ಏನು ಸುಳ್ಳು? ಜ್ವರ ಅಂತ ಹೋದ್ರೆ ಆಸ್ಪತ್ರೇಲಿ ಚೀಟಿ ಮುಖಕ್ಕೆ ಎಸ್ದಿದ್ದು ಸುಳ್ಳಾ?”

“ನಾವೇ ಸುಳ್ಳಂತೆ. ಒಂದೇ ಫೋನಿಂದ ನಾಲ್ಕು ಜನ ಬರ್ದವ್ರೆ, ಯಾರೋ ಹುಡುಗ್ರು ತಮಾಷೆಗೆ ಮಾಡಿರ್ಬೇಕು ಅಂತ.”

“ಮನೇಲಿರೋದೇ ಒಂದು ಫೋನು. ಹೇಳ್ಳಿಲ್ವಾ ಮಂಜುಶ್ರೀ?”

“ಹೇಳ್ದೆ. ಅದಕ್ಕೇ ಪ್ರೂಫ್ ಕೇಳ್ತಾವ್ರೆ. ಫೋಟೊ ಕಳ್ಸ್ಬೇಕಂತೆ.”

“ಕಳ್ಸು. ಹಸಿರು ಸೀರೇಲಿ ತೆಗ್ದಿದ್ದು ಐತಲ್ಲ.”

“ಮುಖದ್ದಲ್ಲಮ್ಮಾ. ಆಪರೇಷನ್ ಆಗಿರೋ ಜಾಗದ್ದು.”

ದೊಡ್ಡವಳು ಎದ್ದು ಹೋಗಿ, ಬಾಯಲ್ಲಿದ್ದ ಎಲೆಅಡಿಕೆಯನ್ನೆಲ್ಲ ಕಂಬದ ಬುಡಕ್ಕೆ ಉಗಿದು ಬಂದಳು.

“ಥೂ! ಸಿಗ್ಗು ಲೇದಾ ವಾಳ್ಳಕಿ? ನಾಚ್ಕೆ ಇಲ್ವಾ ಅವ್ರಿಗೆ? ಸಂತೇಲಿ ಕುಡುಕ್ರು ಸೀರೆ ಎತ್ತು ಅಂತಾರೆ. ಇವ್ರು ಅಷ್ಟೆಲ್ಲ ಓದಿ ಅದನ್ನೇ ಕೇಳ್ತಾವ್ರಾ?”

“ಯಾರಿಗೂ ತೋರ್ಸಲ್ಲ, ಗುಟ್ಟಾಗಿ ಇಡ್ತೀವಿ ಅಂದವ್ರೆ.”

“ಕುಡುಕ್ರೂ ಅಂಗೇ ಅಂತಾರೆ ಕಣಮ್ಮ. ಯಾರು ಕೇಳಿರೋದು?”

“ಸರ್ವೆ ಮಾಡೋ ಡಾಕ್ಟ್ರು ಮೇಡಮ್ಮು.”

“ಕೊಡಿಲ್ಲಿ ಫೋನು.”

ಅಷ್ಟರಲ್ಲಿ ಪಾವಗಡದ ಬಸ್ಸು ಬಂತು. ಮಂಜುಶ್ರೀ ಚೀಲ ಎತ್ತಿಕೊಂಡು ಮೊದಲು ಹತ್ತಿದಳು. ದೊಡ್ಡವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ವಾಯ್ಸ್ ಮೆಸೇಜಿನ ಗುಂಡಿ ಒತ್ತಿ ಫೋನನ್ನು ಬಾಯಿಗೆ ಹಿಡಿದು, ಒಳಗಿದ್ದವರೆಲ್ಲ ತಿರುಗಿ ನೋಡುವಂತೆ ಹೇಳಿದಳು:

“ಮೇಡಮ್ಮೋರೇ, ನಮಸ್ಕಾರ. ಮೊದ್ಲು ನಿಮ್ದು ಕಳ್ಸಿ. ನೀವು ಹೆಂಗ್ಸೇ ಅಂತ ನಮಗೂ ಪ್ರೂಫ್ ಬೇಕಲ್ವಾ?”