ಪೆತ್ರೋ ಸಾಹೇಬರು ಮತ್ತು ನಾ ಈಬತ್ತಿ ಹಚ್ಚಿದ ಮಷಿನ್

ಹಂಗಲ್ಲ, ಆರಡಿ ಅಂತ ನಾ ಸಂಕೋಚಕ್ಕ ಹೇಳಿದ್ನಿ, ಪೆತ್ರೋ ಸಾಹೇಬರು ಖರೇ ಅಂದ್ರ ಆರೂವರಿ ಅಡಿ. ಯಾವ ಬಾಗಲದಾಗೂ ಅವರು ತಲಿ ಬಗ್ಗಿಸದ ಒಳಗ ಬಂದಿದ್ದು ನಾ ನೋಡಿಲ್ಲ. ಉಕ್ರೇನ್ ದೇಶದವರು, ಎಂಜಿನಿಯರ್, ಕುವೈತಿನ್ಯಾಗ ನನ್ನ ಮೊದಲನೇ ಸಾಹೇಬರು. ಇವತ್ತು ನಿಮ್ಮ ಕಾಕಾ ಕುವೈತಿನ ಎಗೈಲಾ ಬಡಾವಣಿಯ ಈ ಬಾಲ್ಕನಿಯೊಳಗ ಕಾಲ್ಮ್ಯಾಲೆ ಕಾಲು ಹಾಕ್ಕೊಂಡು ಚಹಾ ಕುಡಿಯಾಕತ್ತಾನಲ್ಲ, ಅರ್ಧ ನನ್ನ ಶಾಣ್ಯಾತನ, ಇನ್ನರ್ಧ ಅವರ ಪುಣ್ಯ. ಅಲ್ಲ, ತಡೀರಿ, ಶಾಣ್ಯಾತನ ಕಾಲುಭಾಗ ಅಂತ ಇಟ್ಕೊಳ್ಳೋಣ. ಸಾನ್ವಿ, ಫೋನ್ ಕೆಳಗಿಡು, ಇಂಥಾ ಕಥಿ ಅದರಾಗ ಸಿಗೂದಿಲ್ಲ.

ನಾ ಬಂದಾಗ ಕೆಲಸ ಇದ್ದದ್ದು ಜಾಬ್ರಿಯಾದಾಗ, ಕಚೇರಿ ಕ್ಲಿನಿಕ್ ತುಂಬಿದ ಒಂದು ದೊಡ್ಡ ಕಟ್ಟಡದ ತಳದಾಗ, ಚಿಲ್ಲರ್ ರೂಮಿನ್ಯಾಗ. ಚಿಲ್ಲರ್ ಅಂದ್ರ ಇಡೀ ಕಟ್ಟಡಕ್ಕ ತಣ್ಣೀರು ಕಳಿಸಿ ತಂಪಿಡೋ ಮಷಿನ್, ನಮ್ಮ ಕೆಂಪು ಬಸ್ಸಿನಷ್ಟು ಉದ್ದ. ಪೆತ್ರೋ ಸಾಹೇಬರು ಇಂಟರ್ವ್ಯೂದಾಗ ಕೇಳಿದ್ರು, "ಚಿಲ್ಲರ್ ಗೊತ್ತೈತೇನು?" ನಾ ಹುಬ್ಬಳ್ಳಿ ಐಸ್ ಫ್ಯಾಕ್ಟರಿಯೊಳಗ ನಾಕು ವರ್ಷ ದುಡಿದಾಂವ, ಬಾಯಿ ಸುಮ್ಮನಿರ್ತೈತೇನು? "ಸರ್, ನಾ ಬಾಗಲದಾಗ ನಿಂತು ಕೆಮ್ಮಿದ್ರ ಸಾಕು, ಮಷಿನ್ ಎದ್ದು ಚಾಲೂ ಆಗ್ತೈತಿ" ಅಂದ್ನಿ. ಇಂಗ್ಲಿಷಿನ್ಯಾಗ ಅಂದ್ನಿ ಮತ್ತ, ಹೆಂಗ ಅಂದ್ನಿ ಅಂತ ಕೇಳಬ್ಯಾಡ್ರಿ. ಅವರು ನಗಲಿಲ್ಲ. "ಸರಿ, ಮೂರು ತಿಂಗಳು ಕೆಮ್ಮು. ನೋಡೋಣ" ಅಂದ್ರು. ಆ ಮೂರು ತಿಂಗಳು ಪಾಸಾದ್ರ ಇಕಾಮಾ, ಅಂದ್ರ ಇಲ್ಲೇ ಇರಾಕ ಪರವಾನಗಿ. ಫೇಲಾದ್ರ ಖಲಾಸ್, ವಾಪಸ್ ವಿಮಾನ. ಒಂದು ಖೋಲಿಯೊಳಗ ಎಂಟು ಮಂದಿ ಮಲಗ್ತಿದ್ವಿ, ಒಬ್ಬ ಮಗ್ಗಲು ಬದಲಿಸಿದ್ರ ಎಂಟೂ ಮಂದಿ ಬದಲಿಸಬೇಕು. ಎರಡೂ ಹೊತ್ತು ಖುಬ್ಬೂಸ್ ರೊಟ್ಟಿ, ಮೊಸರು. ಊರಾಗ ನಿಮ್ಮ ಕಾಕು ಏಳು ತಿಂಗಳ ಬಸುರಿ. ಹಂಗಾಗಿ ಆ ಇಕಾಮಾ ಅನ್ನೂದು ನನಗ ಬರೇ ಕಾಗದ ಆಗಿರಲಿಲ್ಲ.

ಪೆತ್ರೋ ಸಾಹೇಬರ ಕಥಿನೂ ಹಂಗ, ತಿಳೀತೇನು? ಅವರು ತಮ್ಮ ದೇಶದಾಗ ಕರೆಂಟ್ ತಯಾರು ಮಾಡೋ ಸ್ಟೇಷನ್ನಿನ್ಯಾಗ ದೊಡ್ಡ ಎಂಜಿನಿಯರ್. ಒಂದು ಕಾಲಕ್ಕ ಅಲ್ಲಿ ಪಗಾರನ ನಿಂತುಹೋತಂತ, ಪಗಾರದ ಬದಲಿ ಸಕ್ಕರಿ ಚೀಲ ಕೊಟ್ರಂತ. "ಮಗಳ ಬೂಟು ಹರಿದಿದ್ವು, ಅಂಗಡಿಯವನಿಗೆ ಸಕ್ಕರಿ ಅಳದು ಕೊಟ್ಟು ಬೂಟು ತಂದೆ" ಅಂತ ಒಮ್ಮೆ ಹೇಳಿದ್ರು. ಆಮ್ಯಾಲೆ ಕುವೈತಿಗೆ ಬಂದ್ರು. ಪ್ರತಿ ಶುಕ್ರವಾರ ಅವರ ಮನ್ಯಾಗ ಅವರ ದೇಶದವರೆಲ್ಲಾ ಸೇರೋರು. ಯಾರಿಗೋ ಮನಿ ಬೇಕು, ಯಾರದೋ ಮಗುವಿಗೆ ಸಾಲಿ ಬೇಕು, ಯಾರಿಗೋ ಕಫೀಲ್, ಅಂದ್ರ ವೀಸಾ ಕೊಟ್ಟ ಮಾಲಕನ ಜೋಡಿ ಜಗಳ. ಅವರು ಮೂಲ್ಯಾಗ ಕುಂತು ಒಂದೊಂದಾಗಿ ಬಿಡಿಸೋರು. ಚುನಾವಣಿ ಇಲ್ಲ, ಹಾರ ಇಲ್ಲ, ಆದ್ರೂ ಆ ಮಂದಿಗೆಲ್ಲಾ ಅವರೇ ಹಿರಿಯರು.

ಇರ್ಲಿ, ಎಲ್ಲಿದ್ನಿ? ಹಾಂ, ಖಂಡಿ ಪೂಜಿ. ಮಹಾನವಮಿಗೆ ನಮ್ಮ ಕಡೆ ದುಡಿಯೋ ಸಾಮಾನಿಗೆಲ್ಲಾ ಪೂಜಿ ಮಾಡ್ತೀವಲ್ಲ. ನಾ ಮುಂಜಾನೆದ್ದು ಜಳಕ ಮಾಡಿ, ಸ್ಪ್ಯಾನರಿಗೆಲ್ಲಾ ಕುಂಕುಮ ಇಟ್ಟು, ಆಮ್ಯಾಲೆ ಮಷಿನ್ ಕಡೆ ತಿರುಗಿದ್ನಿ. ಇಷ್ಟು ದೊಡ್ಡ ಮಷಿನ್ನಿಗೆ ಹಣಿ ಎಲ್ಲೈತಿ? ನಡುವ ಒಂದು ದುಂಡನ ಗಾಜು ಕಾಣ್ತು. ಒಳಗಿನ ಎಣ್ಣಿ ಎಷ್ಟೈತಿ ಅಂತ ನೋಡೋ ಗಾಜು ಅದು. ನನಗದು ಗೊತ್ತಿತ್ತು, ಗೊತ್ತಿರಲಿಲ್ಲ ಅಂತ ಸುಳ್ಳು ಹೇಳಂಗಿಲ್ಲ. ಆದ್ರ ಆ ಹೊತ್ತಿನ್ಯಾಗ ಅದು ಹಣಿ ಕಂಡಂಗ ಕಂಡುಬಿಡ್ತು. ಈಬತ್ತಿ, ಅಂದ್ರ ವಿಭೂತಿ, ನೀರಾಗ ಕಲಿಸಿ ಮೂರು ಪಟ್ಟಿ ದಪ್ಪಗ ಎಳದ್ನಿ. ಎಂಥಾ ಪಟ್ಟಿ ಅಂತೀರಿ, ಗಾಜಿನ ಗುರ್ತನ ಉಳೀಲಿಲ್ಲ.

"ಕಾಕಾ, ಯು ಆರ್ ಮೇಕಿಂಗ್ ದಿಸ್ ಅಪ್" ಅಂತಾನ ನೋಡ್ರಿ ಸಾನ್ವಿಯ ಅಣ್ಣ ಅದ್ವಿಕ್. ಎತ್ತರದ ಮಾತಿನ್ಯಾಗ ಅರ್ಧ ಅಡಿ ಸೇರಿಸಿರಬಹುದಪ್ಪ, ಇದರಾಗಿಲ್ಲ.

ಮೂರು ದಿನಕ್ಕ ಮಷಿನ್ ನಿಂತುಬಿಡ್ತು. ಎಲ್ಲೋ ಸೋರಿ ಎಣ್ಣಿ ಖಾಲಿ ಆಗಿತ್ತು, ಯಾರಿಗೂ ಕಂಡಿಲ್ಲ. ಇನ್ನೊಂದು ಮಷಿನ್ ರಿಪೇರಿಗೆ ಬಿಚ್ಚಿಟ್ಟಿದ್ರು. ಅರ್ಧ ತಾಸಿನ್ಯಾಗ ಮ್ಯಾಲಿನ ಮಂದಿ ಫೈಲಿಲೆ ಗಾಳಿ ಬೀಸ್ಕೋತ ಹೊರಗ ಬಂದ್ರು. ಎಲ್ಲಾರ್ಕಿಂತ ಮೊದಲು ಓಡಿದಾಂವ ನಾನ. ಓಡಿ ಮಾಡಿದ್ದೇನು? ಅಂಗಿ ತೋಳಿಲೆ ಗಾಜು ಒರಸಿಬಿಟ್ನಿ. ಯಾರೂ ನೋಡಲಿಲ್ಲ. ಮ್ಯಾನೇಜರ್ ಬಂದು ರಿಜಿಸ್ಟರ್ ತಗದ. ಎರಡೆರಡು ತಾಸಿಗೆ ಗಾಜು ನೋಡಿ ಬರಿಯೋ ಕೆಲಸ ಹಸನ್ ಅಂತ ಈಜಿಪ್ಟಿನವಂದು. ಮೂರೂ ದಿನ "ಎಣ್ಣಿ ಸರಿ ಐತಿ" ಅಂತ ಬರದಿದ್ದ. "ಕಣ್ಣಿದ್ದಾವೇನು ನಿನಗ? ನಾಳಿಂದ ಬರಬ್ಯಾಡ" ಅಂದ ಮ್ಯಾನೇಜರ್. ಹಸನ್ ಎದಿಮ್ಯಾಲೆ ಕೈಯಿಟ್ಟು, "ವಲ್ಲಾ, ದೇವರಾಣಿ, ಗಾಜು ಬೆಳ್ಳಗಿತ್ತು, ಎಣ್ಣಿ ನೊರಿ ಬಂದೈತಿ ಅಂದ್ಕೊಂಡೆ" ಅಂದ. "ಎಲ್ಲಿ ಬೆಳ್ಳಗೈತಿ? ತೋರ್ಸು." ಎಲ್ಲಿ ತೋರಸ್ತಾನ, ನಾ ಒರಸೀನಲ್ಲ. ಹಸನ್‌ಗ ಮೂರು ಮಕ್ಕಳು.

ಪೆತ್ರೋ ಸಾಹೇಬರು ತೋಳು ಮಡಚಿ ಕೆಲಸಕ್ಕ ಇಳದ್ರು. ಸೋರೋದು ಬಂದ್ ಮಾಡಿದ್ರು, ಎಣ್ಣಿ ತುಂಬಿಸಿದ್ರು. ಚಾಲೂ ಮಾಡೂ ಮುಂಚೆ ಅವರದೊಂದು ಪದ್ಧತಿ. ಅವರ ದೇಶದಾಗ ದೂರ ಹೊರಡೋ ಮುಂಚೆ ಮನಿಯವರೆಲ್ಲಾ ಒಂದು ನಿಮಿಷ ಸುಮ್ಮನ ಕುಂತು ಏಳ್ತಾರಂತ, ಏನರೆ ಮರ್ತಿದ್ರ ಆಗ ನೆನಪಾಗ್ತೈತಿ ಅಂತ. ಇವರು ಅದನ್ನ ಮಷಿನ್ನಿಗೂ ತಂದಿದ್ರು. ಮ್ಯಾಲೆ ಮಂದಿ ಬೆವರಾಕತ್ತಾರ, ಮ್ಯಾನೇಜರ್ "ಯಲ್ಲಾ ಯಲ್ಲಾ, ಲಗೂ ಮಾಡ್ರಿ" ಅಂತ ಒದರಾಕತ್ತಾನ, ಇವರು ಎಣ್ಣಿ ಡಬ್ಬಿ ಬೋರಲು ಹಾಕಿ, "ಎಲ್ಲಾರೂ ಕೂಡ್ರಿ" ಅಂದ್ರು. ಕುಂತ್ವಿ. ಹಸನ್ ನನ್ನ ಎದುರಿಗೆ, ತಲಿ ಕೆಳಗ ಹಾಕ್ಕೊಂಡು. ಒಂದು ನಿಮಿಷ ಅಂದ್ರ ಎಷ್ಟುದ್ದ ಅಂತ ನನಗ ಅವತ್ತು ತಿಳೀತು. ಇಕಾಮಾ ನೆನಪಾತು, ನಿಮ್ಮ ಕಾಕು ನೆನಪಾದ್ಲು, ಮತ್ತ ಹಸನ್‌ನ ಮಾರಿ ಕಾಣ್ತು. ತಡಿಯಾಕಾಗಲಿಲ್ಲ. "ಸರ್, ನಾ ಒಂದು ಹೇಳೂದು ಮರ್ತೀನಿ" ಅಂದ್ನಿ. ತೋಳಿನ ಮ್ಯಾಲಿನ ಬೆಳ್ಳನ ಕಲಿ ತೋರಿಸಿ ಎಲ್ಲಾ ಹೇಳಿಬಿಟ್ನಿ.

ಮ್ಯಾನೇಜರ್ ತಪ್ಪು ಬರಿಯೋ ಕಾಗದ, ಪೆನ್ನು ತಗದು, "ಹೆಸರು?" ಅಂದ. ಪೆತ್ರೋ ಸಾಹೇಬರು ಎದ್ದು ನಿಂತ್ರು. "ಈ ರೂಮು ನಂದು. ಗಾಜಿನ ಮ್ಯಾಲೆ ಏನೈತಿ ಅಂತ ಮೂರು ದಿನ ನಾನೂ ನೋಡಿಲ್ಲ. ನನ್ನ ಹೆಸರು ಬರಿ." ಮ್ಯಾನೇಜರ್ ಅವರ ಮಾರಿ ನೋಡಾಕ ಕುತ್ತಿಗಿ ಎತ್ತಬೇಕಾತು. ಬರದ. ಹಸನ್ ಉಳದ, ನಾನೂ ಉಳದ್ನಿ. ಆಮ್ಯಾಲೆ ಸಾಹೇಬರು ನನ್ನ ಹೆಗಲ ಮ್ಯಾಲೆ ಕೈಯಿಟ್ಟು, "ಮುಂದಿನ ವರ್ಷ ಮೋಟರಿನ ಬೆನ್ನಿಗೆ ಹಚ್ಚು, ಅಲ್ಲಿ ಜಾಗಾ ಭಾಳ ಐತಿ" ಅಂದ್ರು.

ಅದರ ಬೆಲಿ ಏನಾತು ಅಂತ ಭಾಳ ವರ್ಷ ಗೊತ್ತಿರಲಿಲ್ಲ. ಅವರ ದೇಶದಾಗ ಯುದ್ಧ ಶುರುವಾದಾಗ ಅವರ ಮನಿ ತುಂಬ ಹೊದಿಕಿ, ಔಷಧಿ ಡಬ್ಬಿ, ಕೆಟ್ಟ ಜನರೇಟರ್. ನಾ ಶುಕ್ರವಾರ ಹೋಗಿ ಜನರೇಟರ್ ರಿಪೇರಿ ಮಾಡಿ ಕೊಡ್ತಿದ್ನಿ. ನಾನೊಬ್ಬನ ಅಂತ ಹೇಳೋಣ ಅನಸ್ತೈತಿ, ಹಸನ್‌ನೂ ಬರ್ತಿದ್ದ. ಅಲ್ಲಿ ಒಂದು ದಿನ ಅವರ ಹೆಂಡ್ತಿ ಚಹಾ ಕೊಡ್ತಾ ಹೇಳಿದ್ರು, ಆ ಕಾಗದದ ಸಲುವಾಗಿ ಆ ವರ್ಷ ಅವರ ರಜಾ ರದ್ದಾತಂತ. ಎರಡು ವರ್ಷಕ್ಕೊಮ್ಮೆ ತಾಯಿನ್ನ ನೋಡಾಕ ಹೋಗೋ ರಜಾ. ನಾ ಕಪ್ ಕೆಳಗಿಟ್ನಿ. "ಸರ್, ನನಗ್ಯಾಕ ಹೇಳಲಿಲ್ಲ?" ಅಂದ್ನಿ. "ಮುಂದಿನ ವರ್ಷ ಹೋಗಿ ನೋಡಿಬಂದೆ. ಅವ್ವ ಕಾಯ್ದಿದ್ಲು. ಆ ಸ್ಕ್ರೂ ಡ್ರೈವರ್ ಕೊಡು" ಅಂದ್ರು, ಅಷ್ಟ.

ಅದಕ್ಕ ಹೇಳೂದು, ತಪ್ಪು ಮಾಡಿದ್ರ ಬಿಸಿ ಇದ್ದಾಗನ ಹೇಳಿಬಿಡಬೇಕು, ಇಲ್ಲಂದ್ರ ನಿಮ್ಮ ಪಾಲಿನ ಬೈಗುಳ ಇನ್ಯಾರದೋ ಮನಿಗೆ ಹೋಗ್ತೈತಿ. ಅದ್ವಿಕ್, ನಿಮ್ಮವ್ವ ಅಡಗಿಮನ್ಯಾಗ ಅದಾಳ. ಮುಂಜಾನೆ ಹೂವಿನ ಕುಂಡ ಹೆಂಗ ಒಡೀತು ಅಂತ ಹೋಗಿ ಹೇಳಿ ಬಾ, ನಿನ್ನ ಬದಲಿ ತಂಗಿ ಬೈಸ್ಕೊಂಡಾಳ.