ಡೆನ್ವರನ ಸರದಿ

ಕೆಂಟಕಿಯ ಗಣಿ ಕೆಲಸಗಾರರ ಎದೆರೋಗದ ಕ್ಲಿನಿಕ್ಕಿನಲ್ಲಿ ನಾನು ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ, ಬ್ಲೂಗ್ರಾಸ್ ಎಂಬ ಅಲ್ಲಿನ ಹಳ್ಳಿಗಾಡಿನ ಸಂಗೀತದ ತಂಡದಲ್ಲಿ ಬ್ಯಾಂಜೊ ನುಡಿಸುವ ಓಡೆಲ್ ಇದ್ದ. ಜೊತೆಗೆ ಬಂದಿದ್ದ ಅವನ ಅತ್ತಿಗೆ ಆರ್ಡಿತ್ ಪತ್ರಿಕೆ ಬಿಡಿಸಿಕೊಂಡು ಅವನ ಹೊಸ ಆಲ್ಬಮ್ಮಿನ ವಿಮರ್ಶೆ ಓದುತ್ತಿದ್ದಳು.

“ನಿನ್ನ ಆಲ್ಬಮ್ಮನ್ನ ಹೊಗಳಿದಾನಲ್ಲೋ!”

“ಕೆಳಗೂ ಓದಿ ಅತ್ತಿಗೆ.”

“‘ಮೂರನೇ ಹಾಡಿನ ನಡುವೆ ಪಿಟೀಲು ಬರಬೇಕಾದಲ್ಲಿ ಬರೀ ಗಿಟಾರಿನ ತಾಳವಿದೆ. ಬ್ಲೂಗ್ರಾಸ್‌ನಲ್ಲಿ ಇಂಥ ಅಜಾಗರೂಕತೆ ಸಲ್ಲದು.’ ಇವನ ತಲೆ! ಅದು ನಿಮ್ಮಣ್ಣನ ಜಾಗ ಅಂತ ಇವನಿಗೇನು ಗೊತ್ತು?”

“ಬೇಕಂತ ಬಿಟ್ಟಿದ್ದಲ್ಲ ಅತ್ತಿಗೆ. ಎಲ್ಲರಿಗೂ ಒಂದೇ ಮೈಕು, ಸರದಿ ಬಂದವನು ಮುಂದೆ ಬಂದು ನುಡಿಸೋದು, ನಮ್ಮ ಹಳೇ ಪದ್ಧತಿ. ಡೆನ್ವರಣ್ಣನ ಸರದಿ ಬಂತು, ಮೂವತ್ತು ವರ್ಷದ ಅಭ್ಯಾಸ, ಎಲ್ಲರೂ ಹಿಂದೆ ಸರಿದ್ವಿ. ನೋಡಿದ್ರೆ ಮೈಕಿನ ಮುಂದೆ ಯಾರೂ ಇಲ್ಲ. ಹಾಗೇ ರೆಕಾರ್ಡಾಗಿ ಹೋಯ್ತು. ಅಣ್ಣ ತೀರಿಹೋಗಿ ನಾಲ್ಕು ತಿಂಗಳಾಗಿತ್ತು.”

“ಹಾಡು ಅಲ್ಲಿಗೆ ಬಂದಾಗ ಅವರ ಪಿಟೀಲಿನ ಭಾಗ ನಾನೇ ಗುನುಗ್ತೀನಿ ಕಣೋ. ದಿನಾ ಸಿ.ಡಿ. ಹಾಕ್ಕೊಂಡು, ಪಾತ್ರೆ ತೊಳೀತಾ.”

ಓಡೆಲ್ ಕೈಯಲ್ಲಿದ್ದ ಟೋಪಿ ತಿರುಗಿಸುತ್ತ ಕೂತ.

“ಅತ್ತಿಗೆ, ರೆಕಾರ್ಡ್ ಕಂಪನಿಯವರು ಸಿ.ಡಿ.ನ ಮತ್ತೆ ಹೊರಗೆ ತರ್ತಾರಂತೆ. ಬೇರೆ ಪಿಟೀಲಿನವನನ್ನ ಕರೆಸಿ ಆ ಖಾಲಿ ಜಾಗ ತುಂಬಿಸ್ತಾರಂತೆ.”

“ನೀನೇನಂದೆ?”

“ಹೂಂ ಅಂದ್ಬಿಟ್ಟೆ.”

ಆಕೆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದಳು.

“ಚೆನ್ನಾಗಿ ನುಡಿಸ್ತಾನಾ ಅವನು?”

“ನುಡಿಸ್ತಾನೆ.”

ನರ್ಸ್ ಓಡೆಲನ ಹೆಸರು ಕರೆದಳು. ಎದ್ದು ನಿಲ್ಲುವಷ್ಟರಲ್ಲೇ ಅವನಿಗೆ ಏದುಸಿರು ಬಂತು. ಆರ್ಡಿತ್ ಅವನ ತೋಳು ಹಿಡಿದು ಬಾಗಿಲತ್ತ ನಡೆಸಿದಳು.

“ನನ್ನ ಹತ್ರ ಇರೋ ಸಿ.ಡಿ.ನ ಮಾತ್ರ ಬದಲಾಯಿಸಿ ಕೊಡ್ತೀನಿ ಅಂತ ಬರಬೇಡ ಕಣೋ.”