ನೀರಿಗಿಳಿದ ಒಣ ದೋಣಿ

ದುಃಖದ ಮನೆಗೆ ಹೋಗಿಬರುವ ವಿಷಯ ಹೇಳುತ್ತಿದ್ದೆ. ಅದಕ್ಕೊಂದು ಕಥೆ ಇದೆ, ಕೇಳಿ. ದೊಡ್ಡ ಕಥೆಯೇನಲ್ಲ.

ಹೊಳೆ ಕಡಲು ಸೇರುವ ಜಾಗದಲ್ಲೊಂದು ಊರು. ಆ ಊರಿನಲ್ಲಿ ಒಬ್ಬ ಶ್ರೀಮಂತ. ಹೆಂಚಿನ ಕಾರ್ಖಾನೆ, ಲಾರಿ, ಮಹಡಿ ಮನೆ. ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಸಂಜೆ ಕಾರ್ಖಾನೆಯ ಬಾಗಿಲು ಹಾಕಿದ ಮೇಲೆ ಮಾತಾಡಲು ಯಾರೂ ಇಲ್ಲ. ರೇಡಿಯೋ ಹಾಕುತ್ತಿದ್ದ, ಆರಿಸುತ್ತಿದ್ದ. ನೋಡಿ, ಹಣವಂತನ ಮನೆಯಲ್ಲೂ ಸಂಜೆ ಸಂಜೆಯೇ.

ಒಂದು ದಿನ ಅವನಿಗನ್ನಿಸಿತು: ಸಣ್ಣದೊಂದು ಹಾಯಿದೋಣಿ ಕೊಳ್ಳಬೇಕು. ಮೀನು ಹಿಡಿಯುವುದಕ್ಕಲ್ಲ. ಒಳಗೆ ಇಬ್ಬರು ಮಲಗುವಷ್ಟು ಜಾಗ, ಒಂದು ಸ್ಟೌ ಇಡುವಷ್ಟು ಮೂಲೆ. ದಂಡೆಯುದ್ದಕ್ಕೂ ನಿಧಾನವಾಗಿ ಹೋಗುವುದು, ಸಂಜೆಯಾದಲ್ಲಿ ಲಂಗರು ಹಾಕುವುದು. ಹೊಸದು ಬೇಡ, ಕಡಲು ಕಂಡ ಹಳೆಯದೇ ಇರಲಿ ಎಂದುಕೊಂಡ.

ಅಂಥದ್ದೊಂದು ಹೊಳೆಯಾಚೆ ಇತ್ತು. ಬಂದರಿನಲ್ಲಿ ಕೆಲಸಕ್ಕಿದ್ದ ಒಬ್ಬಾತ ರಜೆ ಬಂದಾಗಲೆಲ್ಲ ಹೆಂಡತಿಯ ಜೊತೆ ತಿರುಗಾಡುತ್ತಿದ್ದ ದೋಣಿ. ಅವನು ಸತ್ತ. ಹೆಂಡತಿಗೆ ಇನ್ನೂ ಸಣ್ಣ ವಯಸ್ಸು. ದೋಣಿಯನ್ನು ದಂಡೆಗೆ ಎಳೆಸಿ ಮೇಲೆ ತೆಂಗಿನ ಮಡಲು ಹೊದಿಸಿದಳು. ಇಡೀ ಬೇಸಗೆ ಅದು ಹಾಗೇ ಬಿದ್ದಿತ್ತು. ಈಗ ಮಾರುತ್ತೇನೆ ಎಂದಳು.

ಶ್ರೀಮಂತ, ದೋಣಿ ನಿಲ್ಲುವ ದಕ್ಕೆಯ ದಲ್ಲಾಳಿಯನ್ನು ಕರೆದುಕೊಂಡು ಹೋದ. ಕೊಳ್ಳಲು ಹೋದವರು ಏನು ಮಾಡುತ್ತಾರೆ? ಹಲಗೆ ತಟ್ಟಿದರು. ಹಾಯಿ ಬಿಚ್ಚಿ ಬಿಸಿಲಿಗೆ ಹಿಡಿದರು. ಕಂಬ ಅಲುಗಿಸಿದರು. ಹಗ್ಗ ಎಳೆದರು. ದೋಣಿಯ ಬಗ್ಗೆ ಬೇಕಾದಷ್ಟು ಪ್ರಶ್ನೆ ಕೇಳಿದರು. ಪಕ್ಕದಲ್ಲಿ ನಿಂತವಳನ್ನು, ಊಟವಾಯಿತೇ ಎಂದು ಕೇಳಿದರೇ? ಇಲ್ಲ.

"ನೀರಿಗೆ ಇಳಿಸಿ ನೋಡುವ," ಎಂದ ಶ್ರೀಮಂತ.

ಆಳು ಕರೆಸಿ ಇಳಿಸಿದರು. ಇವರಿಬ್ಬರೂ ಹತ್ತಿ ಕೂತರು. ಸ್ವಲ್ಪ ಹೊತ್ತಿಗೆ ಹಲಗೆಯ ಸಂದಿನಲ್ಲೆಲ್ಲ ನೀರು ಬರತೊಡಗಿತು. ಪಾದ ಮುಳುಗಿತು.

"ಇದು ದೋಣಿಯಲ್ಲ ಮಾರಾಯ್ರೆ, ಜರಡಿ!" ದಲ್ಲಾಳಿ ನಕ್ಕ. "ಇದ್ರಲ್ಲಿ ಹೋದ್ರೆ ಧಣಿಗಳು ಮೀನು ನೋಡುವುದಲ್ಲ, ಮೀನೇ ಧಣಿಗಳನ್ನು ನೋಡ್ಲಿಕ್ಕೆ ಬರ್ತದೆ."

ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತು ದೋಣಿಯ ಅಂಚು ಹಿಡಿದಿದ್ದಳು. "ಹಲಗೆ ಒಣಗಿದೆ, ಅಷ್ಟೆ. ನೀರು ಕುಡಿದು ಮರ ಉಬ್ಬಬೇಕು. ಮೂರ್ನಾಲ್ಕು ದಿನ ನೀರಲ್ಲೇ ಇದ್ರೆ ಸಂದು ತಾನಾಗಿ ಮುಚ್ಚಿಕೊಳ್ತದೆ. ಅಲ್ಲಿವರೆಗೆ ಯಾರಾದ್ರೂ ಕೂತು ನೀರು ಮೊಗೆದು ಹಾಕ್ತಾ ಇರಬೇಕು. ಪ್ರತಿ ವರ್ಷ ಎಣ್ಣೆ ಹಚ್ಚಿ ಇಳಿಸಿದಾಗ ನಾವಿಬ್ರೂ ಸರದಿ ಮೇಲೆ ಕೂರ್ತಿದ್ದೆವು."

"ಈ ವರ್ಷ?" ಶ್ರೀಮಂತ ಕೇಳಿದ.

"ಈ ವರ್ಷ ನಾನೊಬ್ಳೇ. ಅದಕ್ಕೇ ಮಾರುವುದು. ಇನ್ನೂ ದಂಡೆ ಮೇಲಿದ್ರೆ ಹಲಗೆ ಸೀಳಿ ಹೋಗ್ತದೆ. ನೀವೊಬ್ರು ಕೂತ್ರೆ ಸಾಕು. ನಾನೂ ಮೊಗೀತೇನೆ."

"ಏನಮ್ಮಾ, ನಾನು ಬಂದದ್ದು ದೋಣಿ ತಗೊಳ್ಳಲಿಕ್ಕೆ. ನೀರು ಮೊಗೀಲಿಕ್ಕೆ ಅಲ್ಲ."

ಪಂಚೆ ಹಿಂಡಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟ. ದಲ್ಲಾಳಿ ಹೊರಟ. ಆಳುಗಳೂ ಹೊರಟರು.

ಆ ದಿನ ಆ ನೀರಿನಲ್ಲಿ ಒಂಟಿಯಾಗಿದ್ದದ್ದು ಅವಳೊಬ್ಬಳೇ ಏನು? ಅವನು ದೋಣಿ ಹುಡುಕಿದ್ದು ಯಾತಕ್ಕೆ? ಸಂಜೆ ಕಳೆಯಲು. ಮೂರ್ನಾಲ್ಕು ಸಂಜೆ, ಎದುರಿಗೊಬ್ಬರು, ಇಬ್ಬರಿಗೂ ಒಂದು ಕೆಲಸ. ಅವಳು ಅದನ್ನೇ ಕೊಡುತ್ತಿದ್ದಳು. ಅವನು ಪಾದಕ್ಕೆ ತಗುಲಿದ ನೀರನ್ನಷ್ಟೇ ನೋಡಿದ.

ವಾರ ಕಳೆಯಿತು. ಬೇರೆ ದೋಣಿಗಳನ್ನು ನೋಡಿದ, ಯಾವುದೂ ಮನಸ್ಸಿಗೆ ಬರಲಿಲ್ಲ. ಹೊಳೆ ದಾಟಿ ಮತ್ತೆ ಹೋದ. ದೋಣಿ ಕಾಣಲಿಲ್ಲ. ಅವಳು ಅಂಗಳದಲ್ಲಿ ಹಾಯಿ ಮಡಚುತ್ತಿದ್ದಳು.

"ದೋಣಿ ಎಲ್ಲಿ?"

"ಮೇಲೆ ಎಳೆಯಲಿಕ್ಕೆ ನನ್ನಿಂದ ಆಗ್ಲಿಲ್ಲ. ಮೊಗೆದೆ. ಸಂಜೆವರೆಗೆ ಮೊಗೆದೆ. ಮತ್ತೆ ಕೈ ಏಳ್ಲಿಲ್ಲ. ಮುಳುಗಿತು. ಕಡಲಿನ ಇಳಿತದ ಸೆಳೆತಕ್ಕೆ ಬಂಡೆಗೆ ಹೊಡೆದು ಅಡಿ ಒಡೆಯಿತು." ಅವಳು ಅಳಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದಳು.

"ಅಯ್ಯೋ, ಯಾರನ್ನಾದ್ರೂ ಕರೀಬಾರದಿತ್ತಾ?"

"ಕರೆದೆನಲ್ಲ," ಎಂದಳು. "ನಿಮ್ಮನ್ನೇ."

ಕಥೆ ಇಷ್ಟೇ. ಈಗ ನಿಮ್ಮನ್ನು ಕೇಳುತ್ತೇನೆ. ಸಾವಾದ ಮನೆಗೆ ನೀವು ಹೋಗಿಲ್ಲವೇ? ಹೋಗಿದ್ದೀರಿ. ಹದಿಮೂರನೆಯ ದಿನದ ಊಟ ಮಾಡಿ, ಕೈ ತೊಳೆದು ಬಂದಿದ್ದೀರಿ. ಆಮೇಲೆ? ಅಕಸ್ಮಾತ್ ಮತ್ತೆ ಹೋದಾಗ, ಗಂಡನನ್ನು ಕಳಕೊಂಡ ಆ ಮನೆಯವಳು ಅತ್ತರೆ, ಎಷ್ಟೂಂತ ಅಳುತ್ತೀಯ ಎಂದಿರಿ. ಅಳದಿದ್ದರೆ, ಕಲ್ಲು ಮನಸ್ಸು ಎಂದಿರಿ. ಹೇಳಿದ್ದನ್ನೇ ಹೇಳಿದರೆ ಗಡಿಯಾರ ನೋಡಿದಿರಿ. ಇವಳು ಒಡೆದುಹೋಗಿದ್ದಾಳೆ, ಇನ್ನು ಸರಿಯಾಗುವುದಿಲ್ಲ ಎಂದುಕೊಂಡು ಎದ್ದು ಬಂದಿರಿ. ಇಲ್ಲ ತಾಯಂದಿರೇ, ಇಲ್ಲ ಸ್ವಾಮಿ. ಅವಳು ಒಡೆದಿರಲಿಲ್ಲ. ಒಣಗಿದ್ದಳು. ಒಡೆದದ್ದು ನೀವು ಎದ್ದು ಬಂದ ಮೇಲೆ.

ದೇವರ ಮುಂದೆ ದೀಪ ಹಚ್ಚಿ, ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಬೀದಿಯಲ್ಲಿ ಅಂಥ ಮನೆ ಯಾವುದು ಎಂದು ನಿಮಗೆ ಗೊತ್ತು. ಅಲ್ಲಿಗೆ ಹೋಗಿ. ಎಲ್ಲರೂ ಹೋಗುವುದು ನಿಲ್ಲಿಸಿದ ಮೇಲೆ ಹೋಗಿ. ಹಣ್ಣು ಬೇಡ, ಬುದ್ಧಿಮಾತಂತೂ ಬೇಡವೇ ಬೇಡ. ಸತ್ತವನ ಹೆಸರು ಹೇಳಿ. ಅವಳೆದುರು ಆ ಹೆಸರನ್ನು ಯಾರೂ ಹೇಳುವುದಿಲ್ಲ. ಅವಳು ಅಕ್ಕಿ ಆರಿಸುತ್ತಿದ್ದರೆ ಮೊರದ ಇನ್ನೊಂದು ಬದಿಗೆ ಕೂತು ನೀವೂ ಆರಿಸಿ. ಅವಳು ಮಾತಾಡದಿದ್ದರೆ ನೀವೂ ಸುಮ್ಮನಿರಿ. ನಾಳೆ ಮತ್ತೆ ಹೋಗಿ. ನಾಡಿದ್ದೂ ಹೋಗಿ.

ಇವತ್ತು ಇಲ್ಲಿಂದ ನೇರ ಮನೆಗೆ ಹೋಗಬೇಡಿ. ಆ ಬಾಗಿಲು ತಟ್ಟಿ. ಒಳಗಿನಿಂದ ಬರುವುದು ತಡವಾಗಬಹುದು. ಯಾರೂ ಇಲ್ಲವೇನೋ ಎನ್ನಿಸಬಹುದು. ಇದ್ದಾಳೆ. ನಿಂತಿರಿ.